ಚಂದ್ರಗುತ್ತಿಯ ಮಂದ್ರಸ್ವರ

ಶಿವಮೊಗ್ಗೆಯ ಕಡೆಗೆ ಪ್ರವಾಸ ಹೊರಡುವ ಕುಟುಂಬಗಳು ಜೋಗದ ಜಲಪಾತವನ್ನು ಕಂಡು, ಇಕ್ಕೇರಿ ಕೆಳದಿಗಳ ದೇವಾಲಯಗಳನ್ನು ನೋಡಿಕೊಂಡು ಹಿಂದಿರುಗುವುದು ವಾಡಿಕೆ. ಅವರಲ್ಲಿ ಕೆಲವರಾದರೂ ಒಂದು ದಿನವನ್ನು ಉಳಿಸಿಕೊಂಡು, ಶಿಕಾರಿಪುರದಿಂದ ಬಳ್ಳಿಗಾವೆ ಸೊರಬಗಳ ಮಾರ್ಗವಾಗಿ ಚಂದ್ರಗುತ್ತಿಯವರೆಗೆ ಹೋಗಿಬರಲೆಂಬುದು ಈ ಲೇಖನದ ಮೊದಲನೆಯ ಅಪೇಕ್ಷೆ. ಹಾಗೆ ಹೋದವರು ಆ ಹಾದಿಯನ್ನು ಕಣ್ಣಿನಿಂದ ನೋಡುವುದರ ಜೊತೆಗೆ ಕಿವಿಗೊಟ್ಟು ಕೇಳಲೆಂಬುದು ಎರಡನೆಯದು. ಏಕೆಂದರೆ ಸುಮಾರು 45 ಮೈಲಿಗಳೊಳಗಿನ ಈ ಸೀಮೆಯು, ಸಂಗೀತದಲ್ಲಿ ಹಿಂದೆ ನಿಂತು ತಗ್ಗಿನ ಸ್ವರವನ್ನು ಹಿಡಿಯುವವರ ಸೀಮೆ.

ತಗ್ಗಿನ ಸ್ವರದ ಮಾತನ್ನು ಈಗೇಕೆ ತೆಗೆದಿರಿ ಎಂದು ವಾಚಕರು ಕೇಳಬಹುದು. ನಮ್ಮ ಮನೆಗಳ ಹುಡುಗರೂ ಹುಡುಗಿಯರೂ ಈಗ ಕೇಳುವ ರಾಕ್ ಎಂಬ ಪಾಶ್ಚಾತ್ಯ ಸಂಗೀತದಲ್ಲಿ ಬೇಸ್ ಗಿಟಾರು ಎಂಬ ವಾದ್ಯವೊಂದುಂಟು. ಸಾಧಾರಣ ಗಿಟಾರಿಗೆ ಆರು ತಂತಿಗಳು. ಇದಕ್ಕೆ ಬಹುಮಟ್ಟಿಗೆ ನಾಲ್ಕೇ, ಅವೂ ದಪ್ಪನಾದವು. ಗಿಟಾರಿನ ತಗ್ಗಿನ ನಾಲ್ಕು ತಂತಿಗಳಿಗಿಂತ ಅವು ಇನ್ನೂ ಒಂದು ಸ್ಥಾಯಿ ಕೆಳಗೆ ನುಡಿಯುತ್ತವೆ. ಪಕ್ಕದ ಕೋಣೆಯಲ್ಲಿ ಹಾಡು ನಡೆಯುತ್ತಿರುವಾಗ ಗೋಡೆಯನ್ನು ದಾಟಿ ಬಂದು ಹಿರಿಯರ ಎದೆಯನ್ನೂ ಕಿಟಕಿಯ ಗಾಜನ್ನೂ ನಡುಗಿಸುವ ನಾದದಲ್ಲಿ ಅದರ ಪಾಲು ದೊಡ್ಡದು. ಹಿರಿಯರು ಅದನ್ನು ಗದ್ದಲವೆನ್ನುವರು. ಆದರೆ ಆ ಗದ್ದಲವನ್ನು ತೆಗೆದುಬಿಟ್ಟರೆ ಮೇಲಿನ ಹಾಡು ಬುನಾದಿಯಿಲ್ಲದ ಮನೆಯಂತೆ ಕುಸಿದುಹೋಗುವುದು. ಡೋಲಿನವನು ಹಾಕುವ ಲಯವನ್ನೂ ಹಾಡುವವನು ಎತ್ತಿದ ಸ್ವರವನ್ನೂ ಒಂದೇ ಗಂಟಿನಲ್ಲಿ ಕಟ್ಟಿಡುವವನು ಬೇಸಿನವನು. ಶ್ರುತಿಯು ತಾಯಿ, ಲಯವು ತಂದೆ ಎಂಬ ಹಿರಿಯರ ಮಾತನ್ನು ನಾವು ಬಲ್ಲೆವಷ್ಟೆ. ಆ ತಾಯಿತಂದೆಗಳಿಬ್ಬರ ಕೈಯನ್ನೂ ಹಿಡಿದು ನಡುವೆ ನಿಂತ ಮಗನ ಕೆಲಸ ಅವನದು. ಮಕ್ಕಳು ಮೆಚ್ಚುವ ಆ ವಿದ್ಯೆಯ ನೆಂಟಸ್ತಿಕೆಯು ನಮ್ಮ ನಾಡಿನಲ್ಲಿಯೇ ಎಷ್ಟು ಹಳೆಯದೆಂಬುದು ಈ ಪ್ರಯಾಣದಲ್ಲಿ ತಿಳಿದುಬರುತ್ತದೆ.

ಶಿಕಾರಿಪುರದಿಂದ ಹೊರಟು ಹನ್ನೆರಡು ಹದಿಮೂರು ಮೈಲಿ ಕ್ರಮಿಸಿದರೆ ಬಳ್ಳಿಗಾವೆ. ಇದು ಚಾಲುಕ್ಯರ ಕಾಲದಲ್ಲಿ ಬನವಸೆ ನಾಡಿಗೆ ರಾಜಧಾನಿಯಾಗಿದ್ದ ಊರು. ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳೂ ಗಂಡಭೇರುಂಡದ ಎತ್ತರವಾದ ಕಂಬವೂ ಇಂದಿಗೂ ನಿಂತಿವೆ. ಇಲ್ಲಿದ್ದ ಕೋಡಿಯಮಠದಲ್ಲಿ ವೇದ, ವ್ಯಾಕರಣ, ಕಾವ್ಯ, ನಾಟಕಗಳನ್ನು ಕಲಿಸುತ್ತಿದ್ದರೆಂದೂ, ಹಸಿದವರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದರೆಂದೂ 1162ರ ಶಾಸನವು ಹೇಳುವುದು. ನಮ್ಮ ಗುಡಿಗಳ ಶಿಲ್ಪದಲ್ಲಿ ನರ್ತಿಸುವವಳು ನಡುವೆ ನಿಂತಿರುವಳು. ಮದ್ದಳೆಯವನು ಪಕ್ಕದಲ್ಲಿ ಬಾಗಿ, ಅವಳ ಪಾದದ ಕಡೆಗೆ ದೃಷ್ಟಿಯಿಟ್ಟು, ಅರ್ಧ ಮರೆಯಲ್ಲಿರುವನು. ನೋಡುವವರೆಲ್ಲರೂ ನರ್ತಕಿಯ ಭಂಗಿಯನ್ನು ಹೊಗಳಿ ಮುಂದೆ ಹೋಗುವರು.

ಆದರೆ ಬಳ್ಳಿಗಾವೆಗೆ ಬಂದವರು ಆ ಮದ್ದಳೆಯವನನ್ನು ಮರೆಯುವಂತಿಲ್ಲ. ಅಲ್ಲಮಪ್ರಭು ಹುಟ್ಟಿದ್ದು ಈ ಊರಿನಲ್ಲಿ. ಆತನ ಮೊದಲ ವಿದ್ಯೆ ಮದ್ದಳೆ. ಹರಿಹರಕವಿಯ ರಗಳೆಯ ಪ್ರಕಾರ ಆತನು ಮದ್ದಳೆಯಲ್ಲಿ ನಿಪುಣನಾಗಿ, ಕಾಮಲತೆಯೆಂಬವಳನ್ನು ಒಲಿದು, ಆಕೆ ತೀರಿಕೊಂಡ ಬಳಿಕ ದುಃಖದಿಂದ ಅಲೆಯುತ್ತ, ನೆಲದೊಳಗೆ ಹುದುಗಿದ್ದ ಗುಡಿಯಲ್ಲಿ ಅನಿಮಿಷಯ್ಯನನ್ನು ಕಂಡು ಲಿಂಗವನ್ನು ಪಡೆದನು. ಹದಿನೈದನೆಯ ಶತಮಾನದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಕಥೆಯನ್ನು ಬೇರೆ ರೀತಿಯಾಗಿ ಹೇಳಿದ್ದಾನೆ: ಬನವಸೆಯ ಮಧುಕೇಶ್ವರನ ಗುಡಿಯಲ್ಲಿ ಮಾಯೆಯು ನರ್ತಿಸುವಳು, ಅಲ್ಲಮನು ಮದ್ದಳೆಯನ್ನು ನುಡಿಸುವನು, ಅವಳ ಕುಣಿತಕ್ಕೆ ಆಧಾರವಾಗಿದ್ದೂ ಅವಳ ವಶಕ್ಕೆ ಸಿಕ್ಕದೆ ಹೊರಟುಹೋಗುವನು. ಎರಡು ಕಥೆಗಳಲ್ಲಿಯೂ ಮದ್ದಳೆ ಮಾತ್ರ ಸ್ಥಿರವಾಗಿದೆ. ಮುಂದೆ ಕಲ್ಯಾಣದಲ್ಲಿ ಶೂನ್ಯಸಿಂಹಾಸನವನ್ನೇರಿ ಶರಣರೆಲ್ಲರ ಮಾತನ್ನು ತೂಗಿದವನು ಮೊದಲು ಇತರರ ಹೆಜ್ಜೆಗೆ ಕೈಯಿಂದ ಕಾವಲಿದ್ದವನು. ಮದ್ದಳೆಗೆ ಎರಡು ಮುಖಗಳು. ಬಲದ್ದು ಸ್ಪಷ್ಟವಾಗಿ ಮಾತನಾಡುವುದು, ಎಡದ್ದು ಮಂದ್ರವಾಗಿ ಹೂಂಗುಟ್ಟುವುದು. ಮಾತನ್ನೂ ಮೌನವನ್ನೂ ಬಲ್ಲ ಆ ಶರಣನಿಗೆ ಈ ವಾದ್ಯವು ತಕ್ಕದ್ದೇ ಆಗಿತ್ತೆಂದು ತೋರುವುದು.

ಬಳ್ಳಿಗಾವೆಯನ್ನು ಬಿಟ್ಟು ಪಶ್ಚಿಮಕ್ಕೆ ಸಾಗಿದಂತೆಲ್ಲ ಬಯಲು ಕಡಿಮೆಯಾಗಿ ಮಲೆನಾಡಿನ ಲಕ್ಷಣಗಳು ತೋರತೊಡಗುವುವು. ಗದ್ದೆಯ ಅಂಚಿನಲ್ಲಿ ಅಡಕೆಯ ತೋಟ, ತೋಟದ ಹಿಂದೆ ಕಾನು, ಕಾನಿನ ನೆರಳಲ್ಲಿ ಕೆರೆ. ಸೊರಬವು ದಂಡಾವತಿಯ ದಡದ ಊರು. ಗಂಧದ ಮರದಲ್ಲಿ ಬಳ್ಳಿ, ಹೂವು, ದೇವತೆಗಳನ್ನು ಬಿಡಿಸುವ ಗುಡಿಗಾರರಿಂದ ಇದು ಹೆಸರಾದದ್ದು. ಇಲ್ಲಿಂದ ಸಿದ್ದಾಪುರದ ಕಡೆಗೆ ಹತ್ತು ಮೈಲಿಯ ದಾರಿ ಹೋದರೆ ಚಂದ್ರಗುತ್ತಿ.

ಊರು ಕಾಣುವುದಕ್ಕೆ ಮೊದಲು ಗುಡ್ಡವೇ ಕಾಣುವುದು. ಸಮುದ್ರಮಟ್ಟಕ್ಕೆ 2,700 ಅಡಿಗೂ ಮಿಗಿಲಾದ ಈ ಬೆಟ್ಟವು ಸುತ್ತಣ ಕಾಡಿನ ನಡುವಿನಿಂದ ಒಂಟಿಯಾಗಿ ಎದ್ದುನಿಂತಿದೆ. ಚಂದ್ರನನ್ನೂ ಮರೆಮಾಡುವಷ್ಟು ಎತ್ತರವಾದದ್ದರಿಂದ ಚಂದ್ರಗುಪ್ತಿಯೆಂಬ ಹೆಸರು ಬಂದು, ಅದೇ ಚಂದ್ರಗುತ್ತಿಯಾಯಿತೆಂದು ಹೇಳುವುದುಂಟು. ಕದಂಬರ ಬನವಸೆ ಇಲ್ಲಿಗೆ ಸಮೀಪ; ಅವರ ಕಾಲದಿಂದ ಈ ಸೀಮೆಗೆ ಚರಿತ್ರೆಯುಂಟು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಮಂತ್ರಿಯು ಗುತ್ತಿಯ ರಾಜ್ಯವನ್ನು ಆಳಿದನು. ಆ ಬಳಿಕ ಕೋಟೆಯು ಕೆಳದಿಯ ನಾಯಕರ ಕೈಗೆ ಬಂದಿತು; 1763ರಲ್ಲಿ ಬಿದನೂರು ಬಿದ್ದಮೇಲೆ ಅವರ ರಾಜ್ಯವೆಲ್ಲವೂ ಹೈದರಾಲಿಯ ವಶವಾಯಿತು. ಈಗ ಬೆಟ್ಟದ ಮೇಲೆ ಉಳಿದಿರುವುದು ಮುರಿದ ಗೋಡೆಗಳು, ಬಾಗಿಲವಾಡಗಳು, ನೀರಿನ ಕೊಳಗಳು ಮತ್ತು ಗಾಳಿ.

ಯಾತ್ರಿಕರು ಬರುವುದು ಕೋಟೆಗಾಗಿಯಲ್ಲ, ರೇಣುಕಾಂಬೆಗಾಗಿ. ಬೆಟ್ಟದ ಓರೆಯಲ್ಲಿ ಮೆಟ್ಟಿಲುಗಳನ್ನು ಹತ್ತಿ ಹೋದರೆ, ಒಂದು ಭಾರಿ ಬಂಡೆಯ ಹೊಟ್ಟೆಯೇ ದೇವಿಯ ಗರ್ಭಗುಡಿಯಾಗಿರುವುದು ಕಾಣುವುದು. ಮನುಷ್ಯನು ಮುಂದೆ ಮಂಟಪವನ್ನು ಕಟ್ಟಿದ್ದಾನೆ. ಒಳಗಿನ ಗುಹೆಯು ಪ್ರಕೃತಿ ಕೊಟ್ಟದ್ದು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟೊಡನೆ ತಂಪೂ ಕತ್ತಲೆಯೂ ಒಟ್ಟಿಗೆ ಮೈಗೆ ತಾಗುವುವು. ತೊಟ್ಟಿಲು ಬಾವಿ, ಶೂಲದ ಬೀರಪ್ಪ, ಕಾಲಭೈರವ, ಮಾತಂಗಿ, ಪರಶುರಾಮ ಇವರ ಸ್ಥಾನಗಳು ಸುತ್ತಮುತ್ತ ಇವೆ. ಅಲ್ಲಮನ ಅಂಕಿತವು ಗುಹೇಶ್ವರನೆಂಬುದು ನೆನಪಿರುವ ವಾಚಕರಿಗೆ, ಈ ಗುಹೆಯ ಮುಂದೆ ನಿಂತಾಗ ಬಳ್ಳಿಗಾವೆಯು ಅಷ್ಟೇನೂ ದೂರವಿಲ್ಲವೆನ್ನಿಸೀತು.

ದೇವಿಯ ಕಥೆ ಎಲ್ಲರಿಗೂ ತಿಳಿದದ್ದೇ. ಜಮದಗ್ನಿಯ ಕೋಪ, ತಾಯಿಯ ತಲೆಯನ್ನು ಕಡಿಯೆಂಬ ಆಜ್ಞೆ, ಕೊಡಲಿಯನ್ನೆತ್ತಿದ ಪರಶುರಾಮ, ಮತ್ತೆ ತಂದೆಯ ವರದಿಂದಲೇ ತಾಯಿಯ ಜೀವವನ್ನು ಬೇಡಿದ ಮಗ. ಅಟ್ಟಿಬಂದ ಮಗನಿಂದ ತಪ್ಪಿಸಿಕೊಂಡು ರೇಣುಕೆಯು ಹೊಕ್ಕ ಗುಹೆಯಿದೆಂದು ಸ್ಥಳಪುರಾಣ. ತಾಯಿತಂದೆಗಳ ನಡುವೆ ಸಿಕ್ಕಿದ ಮಗನ ಸಂಕಟವು ಇದಕ್ಕಿಂತ ಭಯಂಕರವಾಗಿ ಬೇರೆ ಯಾವ ಕಥೆಯಲ್ಲಿಯೂ ಬಂದಿಲ್ಲ. ರೇಣುಕೆಯೇ ಎಲ್ಲಮ್ಮನೆಂದು ನಂಬಿದ ಜನರು ಈ ಕಥೆಗೆ ಇನ್ನೊಂದನ್ನು ಸೇರಿಸಿ ಹೇಳುವರು: ಪರಶುರಾಮನು ವೈರಿಯನ್ನು ಕೊಂದು, ಅವನ ತಲೆಯಿಂದ ಬುರುಡೆಯನ್ನೂ ನರಗಳಿಂದ ತಂತಿಯನ್ನೂ ಮಾಡಿ, ತಾಯಿಯ ಸಂತೋಷಕ್ಕಾಗಿ ನುಡಿಸಿದನಂತೆ. ಆ ವಾದ್ಯವೇ ಚೌಡಿಕೆ.

ಫಾಲ್ಗುಣದ ಸುಮಾರಿಗೆ ಜಾತ್ರೆಯಾಗುವಾಗ ಬೆಟ್ಟದ ಬುಡವೆಲ್ಲ ಭಂಡಾರದಿಂದ ಹಳದಿಯಾಗುವುದು. ಜಗವನ್ನು ಹೊತ್ತ ಜೋಗತಿಯರೂ ಜೋಗಪ್ಪಗಳೂ ಉಧೋ ಉಧೋ ಎನ್ನುತ್ತ ಮೆಟ್ಟಿಲೇರುವರು. ಆ ಕೂಗಿನ ಅಡಿಯಲ್ಲಿ, ಕೂಗಿಗಿಂತ ತಗ್ಗಿನಲ್ಲಿ, ಚೌಡಿಕೆಯ ನಾದವು ಹರಿಯುತ್ತಿರುವುದು. ನೋಡುವುದಕ್ಕೆ ಅದು ಬಡವಾದ ವಾದ್ಯ. ಕೊಳಗದಂಥ ಮರದ ಬುರುಡೆ. ಅದರ ತಳಕ್ಕೆ ಬಿಗಿದ ಚರ್ಮ. ಬದಿಗೆ ಕಟ್ಟಿದ ಒಂದು ಕೋಲು. ಚರ್ಮದ ನಡುವಿನಿಂದ ಹೊರಟು ಬುರುಡೆಯ ಒಳಗಿಂದ ಹಾದು ಕೋಲಿನ ತುದಿಯ ಬಿರಡೆಗೆ ಸುತ್ತಿಕೊಂಡ ಒಂದೇ ಒಂದು ನರ. ಬುರುಡೆಯನ್ನು ಕಂಕುಳಲ್ಲಿ ಅವುಚಿ ಕಡ್ಡಿಯಿಂದ ಮೀಟುವರು. ನರದ ಬಿಗಿತವು ಹೆಚ್ಚು ಕಡಿಮೆಯಾದಂತೆ ನಾದವು ಏರುವುದು, ಇಳಿಯುವುದು, ನರಳುವುದು, ನಗುವುದು. ಮೇಳದಲ್ಲಿ ಚೌಡಿಕೆಯವರು ನುಡಿಸುತ್ತ ಕಥೆಯನ್ನು ಹಾಡಿದರೆ, ಒಬ್ಬರು ಶ್ರುತಿಯನ್ನು ಮೀಟುವರು, ಇನ್ನೊಬ್ಬರು ತಾಳ ಹಾಕುವರು.

ಸಂಗೀತವನ್ನು ಬಲ್ಲವರು ಇಲ್ಲಿ ಗಮನಿಸತಕ್ಕ ವಿಶೇಷವೊಂದಿದೆ. ಚೌಡಿಕೆಗೆ ತಂತಿಯುಂಟು, ಆದ್ದರಿಂದ ಅದು ಸ್ವರವನ್ನು ಕೊಡುವುದು. ಚರ್ಮವುಂಟು, ಆದ್ದರಿಂದ ಪೆಟ್ಟನ್ನೂ ಕೊಡುವುದು. ಒಂದೇ ಮೀಟಿನಲ್ಲಿ ಶ್ರುತಿಯೂ ಲಯವೂ ಹುಟ್ಟುವುವು. ತಾಯಿತಂದೆಗಳ ಜಗಳದಲ್ಲಿ ಬೆಂದ ಮಗನು ಮಾಡಿದ ವಾದ್ಯದಲ್ಲಿ ತಾಯಿತಂದೆಗಳಿಬ್ಬರೂ ಒಂದಾದರು. ಕಥೆ ಕಟ್ಟಿದವರು ಇದನ್ನು ತಿಳಿದು ಕಟ್ಟಿದರೋ ಇಲ್ಲವೋ, ವಾದ್ಯವಂತೂ ಹಾಗಿದೆ. ರಾಕ್ ಸಂಗೀತದ ಬೇಸಿನವನು ನಾಲ್ಕು ತಂತಿಗಳಿಂದ ಮಾಡುವ ಕೆಲಸವನ್ನು ಚೌಡಿಕೆಯವಳು ಒಂದರಿಂದ ಮಾಡುತ್ತಾಳೆ. ಇಂಗ್ಲಿಷಿನಲ್ಲಿ ರಾಕ್ ಎಂಬುದಕ್ಕೆ ಬಂಡೆಯೆಂದೂ ಅರ್ಥ, ತೂಗುವುದೆಂದೂ ಅರ್ಥ. ಸಂಗೀತಕ್ಕೆ ಹೆಸರು ಬಂದದ್ದು ತೂಗುವ ಅರ್ಥದಿಂದ. ಬಂಡೆಯೊಳಗಿನ ತಾಯಿಯ ಮುಂದೆ ಮೈತೂಗುತ್ತ ಹಾಡುವವರನ್ನು ಕಂಡಾಗ ಎರಡು ಅರ್ಥಗಳೂ ಕೂಡಿಕೊಳ್ಳುವುವು.

ಸಾದೃಶ್ಯವು ಇಷ್ಟಕ್ಕೇ ನಿಲ್ಲುವುದಿಲ್ಲ. ನುಡಿಸುವವರ ಬಾಳಿನಲ್ಲಿಯೂ ಉಂಟು. ಗುಡಿಯ ಮುಂದಿನ ನೆರಳಿನಲ್ಲಿ ವಿಶ್ರಮಿಸಿಕೊಳ್ಳುತ್ತಿರುವಾಗ ದೂರದೇಶದ ಆ ಬೇಸಿನವರ ವೃತ್ತಾಂತವನ್ನು ಸ್ವಲ್ಪ ಕೇಳಬಹುದು.

ಮೊದಲು ಅವರ ವಾದ್ಯವು ಆಳೆತ್ತರದ ಪಿಟೀಲಿನಂತಿದ್ದು, ಅದನ್ನು ಹೊತ್ತು ತಿರುಗುವುದೇ ಒಂದು ಸಾಹಸವಾಗಿತ್ತು. ಅದರ ದನಿಯೋ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಎಂಬಾತನು ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದನು. ಬೆರಳಿಡುವ ಜಾಗಕ್ಕೆ ಲೋಹದ ಮೆಟ್ಟಿಲುಗಳಿದ್ದುದರಿಂದ ಸ್ವರ ತಪ್ಪದು. ವಿದ್ಯುತ್ತಿನಿಂದ ದನಿ ಹಿಗ್ಗುವುದರಿಂದ ಮುಳುಗದು. ರಾಕ್ ಸಂಗೀತದ ಕಟ್ಟಡವು ಏರಿದ್ದು ಈ ಬುನಾದಿಯ ಮೇಲೆ.

ಆದರೂ ಅದನ್ನು ನುಡಿಸಲು ಯಾರೂ ಮುಂದಾಗುತ್ತಿರಲಿಲ್ಲ. ಬೀಟಲ್ಸ್ ಎಂಬ ಲಿವರ್‌ಪೂಲಿನ ಮೇಳವು ಜರ್ಮನಿಯ ಹ್ಯಾಂಬರ್ಗಿನಲ್ಲಿ ಹಾಡುತ್ತಿದ್ದಾಗ, 1961ರಲ್ಲಿ, ಬೇಸಿನ ಹುಡುಗನು ಚಿತ್ರಕಲೆಯನ್ನು ಕಲಿಯಲೆಂದು ಮೇಳವನ್ನು ಬಿಟ್ಟನು. ಉಳಿದವರಲ್ಲಿ ಯಾರಿಗೂ ಆ ಸ್ಥಾನ ಬೇಡ. ಕೊನೆಗೆ ಅದು ಪಾಲ್ ಮೆಕಾರ್ಟ್ನಿಯ ಹೆಗಲಿಗೆ ಬಿತ್ತು. ಆತನು ಎಡಗೈಯವನು, ತಿರುಗಿಸಿ ಹಿಡಿದರೂ ವಿಕಾರವಾಗಿ ತೋರದ ಪಿಟೀಲಿನ ಆಕಾರದ ವಾದ್ಯವೊಂದನ್ನು ಸುಮಾರು 30 ಪೌಂಡು ತೆತ್ತು ಕೊಂಡುಕೊಂಡನು. ಬೇಡವೆಂದು ಬಂದ ಕೆಲಸದಲ್ಲಿಯೇ ಆತನು ಹೊಸ ದಾರಿಯನ್ನು ತೆಗೆದು, ತಗ್ಗಿನ ಸ್ವರವೂ ತನ್ನದೊಂದು ಹಾಡನ್ನು ಹಾಡಬಲ್ಲುದೆಂದು ಲೋಕಕ್ಕೆ ತೋರಿಸಿದನು. ಆ ವಾದ್ಯವು 1972ರಲ್ಲಿ ಲಂಡನ್ನಿನಲ್ಲಿ ಕಳುವಾಗಿ, ಅರ್ಧ ಶತಮಾನದ ಮೇಲೆ ಅದು ಮರಳಿ ಆತನ ಕೈ ಸೇರಿತೆಂಬ ವರ್ತಮಾನವು 2024ರಲ್ಲಿ ಬಂದಿತು. ಅದೇ ಇಂಗ್ಲೆಂಡಿನ ದಿ ಹೂ ಎಂಬ ಮೇಳದಲ್ಲಿ ಜಾನ್ ಎಂಟ್ವಿಸಲ್ ಇದ್ದನು. ಜೊತೆಯವರು ಕುಣಿದಾಡಿ ತಮ್ಮ ವಾದ್ಯಗಳನ್ನೇ ನೆಲಕ್ಕಪ್ಪಳಿಸುತ್ತಿದ್ದರೆ ಈತನು ಕಂಬದಂತೆ ಅಲುಗಾಡದೆ ನಿಂತು, ಬೆರಳುಗಳಿಂದ ಮಾತ್ರ ಓಡುತ್ತಿದ್ದನು.

ಇವರಿಬ್ಬರಿಗಾದರೋ ಹೆಸರು ದೊರೆಯಿತು. ಹೆಸರೇ ದೊರೆಯದವನ ಕಥೆ ಬೇರೆ. ಜೇಮ್ಸ್ ಜೇಮರ್ಸನ್ ಎಂಬ ಕರಿಯ ಅಮೆರಿಕನ್ ಕಲಾವಿದನು 1936ರಲ್ಲಿ ಹುಟ್ಟಿ, ಡೆಟ್ರಾಯಿಟ್ ಪಟ್ಟಣದ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯಲ್ಲಿ ನುಡಿಸುತ್ತಿದ್ದನು. ಬಲಗೈಯ ತೋರುಬೆರಳೊಂದರಿಂದಲೇ ತಂತಿಯನ್ನು ಮೀಟುವುದು ಅವನ ಕ್ರಮ. 1960ರ ದಶಕದಲ್ಲಿ ಲೋಕವೆಲ್ಲ ಕುಣಿದ ಎಷ್ಟೋ ಹಾಡುಗಳ ಅಡಿಯಲ್ಲಿ ಇದ್ದದ್ದು ಆ ಒಂದು ಬೆರಳು. ಆದರೆ ವರ್ಷಗಟ್ಟಲೆ ತಟ್ಟೆಗಳ ಮೇಲೆ ಹಾಡಿದವರ ಹೆಸರಿತ್ತೇ ಹೊರತು ಇವನದಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಎಂಬ ಗಾಯಕನ ಮುದ್ರಿಕೆಯೊಂದರಲ್ಲಿ ವಾದ್ಯಗಾರರ ಹೆಸರುಗಳನ್ನು ಅಚ್ಚು ಮಾಡಿದಾಗ ಕೇಳುವವರಿಗೆ ತಿಳಿಯಿತು. ಇಂಥವನನ್ನು ಗುರುವಿನಂತೆ ಭಾವಿಸಿದವರಲ್ಲಿ ಮೆಕಾರ್ಟ್ನಿಯೂ ಒಬ್ಬ. ಜೇಮರ್ಸನ್ 1983ರಲ್ಲಿ, ತನ್ನ 47ನೆಯ ವಯಸ್ಸಿನಲ್ಲಿ, ತೀರಿಕೊಂಡನು. ರಾಕ್ ಸಂಗೀತದ ಕೀರ್ತಿಶಾಲೆಯು ಅವನ ಹೆಸರನ್ನು ಸೇರಿಸಿದ್ದು 2000ದಲ್ಲಿ.

ಇನ್ನೊಬ್ಬಳು ಹೆಂಗಸು. 1935ರಲ್ಲಿ ಹುಟ್ಟಿದ ಕ್ಯಾರೊಲ್ ಕೇ ಮೊದಲು ಗಿಟಾರು ನುಡಿಸುತ್ತಿದ್ದಳು. 1963ರ ಒಂದು ದಿನ ಲಾಸ್ ಏಂಜಲೀಸಿನ ಧ್ವನಿಮುದ್ರಣಶಾಲೆಗೆ ಬೇಸಿನವನು ಬರಲಿಲ್ಲ. ಆ ವಾದ್ಯವನ್ನು ಈಕೆ ಕೈಗೆತ್ತಿಕೊಂಡಳು. ಮನೆಯಲ್ಲಿ ಮಕ್ಕಳನ್ನು ಸಾಕಬೇಕು. ಹೊರಗೆ ಗಂಡಸರ ನಡುವೆ ಕುಳಿತು ದುಡಿಯಬೇಕು. ಸುಮಾರು 10,000 ಧ್ವನಿಮುದ್ರಣಗಳಲ್ಲಿ ಆಕೆಯ ಕೈವಾಡವಿದೆಯೆಂದು ಅಂದಾಜು. ತಾನು ಕಲಿತದ್ದನ್ನು ಪಾಠಪುಸ್ತಕಗಳಾಗಿ ಬರೆದು ಇತರರಿಗೆ ಕಲಿಸಿದಳು. 2025ರಲ್ಲಿ ಅದೇ ಕೀರ್ತಿಶಾಲೆಯು ಗೌರವಿಸುವೆವೆಂದು ಕರೆದಾಗ ಆ ವೃದ್ಧೆಯು ಒಲ್ಲೆನೆಂದಳು. ಧ್ವನಿಮುದ್ರಣಶಾಲೆಗಳಲ್ಲಿ ದುಡಿದ ವಾದ್ಯಗಾರರ ಕೆಲಸವನ್ನು ಅಂಥ ಗೌರವವು ಬಿಂಬಿಸುವುದಿಲ್ಲವೆಂಬುದು ಆಕೆಯ ಅಭಿಪ್ರಾಯ. ಹಲವರು ಕೂಡಿ ಕಟ್ಟಿದ ಮನೆಗೆ ಒಬ್ಬರ ಹೆಸರಿನ ಫಲಕವನ್ನು ತೂಗುಹಾಕಲು ಆಕೆ ಒಪ್ಪಲಿಲ್ಲ.

ಕನ್ನಡನಾಡಿಗೆ ಮರಳೋಣ. ಇಲ್ಲಿಯೂ ಈಗ ರಾಕ್ ಮೇಳಗಳುಂಟು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಜೊತೆಗೆ ಹಾಡಿ, 2008ರಲ್ಲಿ ಮೊದಲನೆಯ ಧ್ವನಿಮುದ್ರಿಕೆಯನ್ನು ತಂದಾಗ ಅವರ ಮೇಳದ ಬೇಸಿನವರು ಗೌರವ್ ವಾಜ್. ಬೆಂಗಳೂರಿನ ಸ್ವರಾತ್ಮ ಮೇಳದಲ್ಲಿ ವಾಸು ದೀಕ್ಷಿತರು ಮುಂದೆ ನಿಂತು ಹಾಡಿದರೆ, ಜಿಷ್ಣು ದಾಸಗುಪ್ತರು ಬೇಸನ್ನು ನುಡಿಸಿದರು. ಈ ಇಬ್ಬರ ವಿಷಯದಲ್ಲಿ ಒಂದು ಸಮಾನಾಂಶವಿದೆ: ತಗ್ಗಿನ ಸ್ವರವನ್ನು ಹಿಡಿದ ಇವರೇ ಮೇಳದ ವ್ಯವಹಾರವನ್ನೂ ನೋಡಿಕೊಂಡವರು. ಪ್ರಯಾಣದ ಏರ್ಪಾಡು, ಕರಾರು, ಲೆಕ್ಕಪತ್ರ ಇವೆಲ್ಲವೂ ಹಾಡಿನ ಬುನಾದಿಯಂತೆಯೇ ಸಭಿಕರ ಕಣ್ಣಿಗೆ ಕಾಣದ ಕೆಲಸಗಳು. ಅಡಿಗೆಮನೆಯಿಂದ ಜಗುಲಿಯವರೆಗೆ ಮನೆಯೆಲ್ಲವನ್ನೂ ನಡೆಸುತ್ತ, ಅತಿಥಿಗಳು ಬಂದಾಗ ಬಾಗಿಲ ಹಿಂದೆ ನಿಲ್ಲುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಹೊಸ ಸಂಗತಿಯೆನಿಸಲಾರದು.

ಆದರೆ ಚೌಡಿಕೆಯವರ ಪಾಡು ಇವರೆಲ್ಲರಿಗಿಂತ ಕಠಿಣವಾದದ್ದು. ಹೆಸರು ದೊರೆಯದಿರುವುದು ಒಂದು ಕಷ್ಟ. ಕೈಯಲ್ಲಿರುವ ವಾದ್ಯವೇ ಬೇಡಿಯಾಗುವುದು ಬೇರೊಂದು ಕಷ್ಟ. ತಿಳಿಯದ ವಯಸ್ಸಿನಲ್ಲಿ ಮುತ್ತುಕಟ್ಟಿಸಿಕೊಂಡು ದೇವಿಗೆ ಬಿಡಲ್ಪಟ್ಟ ಹೆಣ್ಣುಮಕ್ಕಳು ಎಷ್ಟೋ ಮಂದಿ. ಅವರಲ್ಲಿ ಬಹುತೇಕರು ದಲಿತರ ಮನೆಯವರು. ದೇವಿಯ ಹೆಸರಿನಲ್ಲಿ ಅವರ ಸಂಸಾರವನ್ನು ಕಿತ್ತುಕೊಂಡ ಊರು, ಅವರ ಹಾಡನ್ನು ಕೇಳಿ ಮರದಲ್ಲಿ ಕಾಳನ್ನು ಹಾಕಿ ಕಳುಹಿಸಿತು. ಈ ಬಿಡುವ ಪದ್ಧತಿಯನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿತು. ಚಂದ್ರಗುತ್ತಿಯಲ್ಲಿಯೂ ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಬೆಟ್ಟಕ್ಕೆ ಬರುವ ಸೇವೆಯೊಂದು ನಡೆಯುತ್ತಿದ್ದಿತು. 1986ರ ಜಾತ್ರೆಯಲ್ಲಿ ಅದನ್ನು ತಡೆಯಲು ಹೋದವರ ಮೇಲೆಯೂ ಪೊಲೀಸರ ಮೇಲೆಯೂ ಕೈಮಾಡಿ ದೊಡ್ಡ ಗಲಭೆಯಾಗಿ, ಆಮೇಲೆ ಸರಕಾರವು ಆ ಸೇವೆಯನ್ನು ನಿಲ್ಲಿಸಿತು. ತಾಯಿಯನ್ನು ಪೂಜಿಸುವ ಸ್ಥಳದಲ್ಲಿ ತಾಯಂದಿರ ಮಾನವು ಉಳಿಯಬೇಕೆಂಬುದರಲ್ಲಿ ಎರಡು ಮಾತಿರಲಾರದು.

ಹಾಗಾದರೆ ಬೇಡಿಯ ಜೊತೆಗೆ ಚೌಡಿಕೆಯನ್ನೂ ಎಸೆದುಬಿಡಬೇಕೆ? ಈ ಪ್ರಶ್ನೆಗೆ ಮಾತಿನಿಂದಲ್ಲ, ಬಾಳಿನಿಂದ ಉತ್ತರ ಹೇಳಿದವರೊಬ್ಬರಿದ್ದಾರೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಗಂಡಾಗಿ ಹುಟ್ಟಿ ಹೆಣ್ಣಿನ ಮನಸ್ಸನ್ನು ಹೊತ್ತವರು. ಮನೆಯವರು ಅವರನ್ನು ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗಪ್ಪನಾಗಿ ಬಿಟ್ಟರು. ಆಮೇಲೆ ಅವಮಾನ, ಭಿಕ್ಷೆ, ಸಾಯುವ ಪ್ರಯತ್ನ, ಎಲ್ಲವೂ ಆದವು. ದಾವಣಗೆರೆಯಲ್ಲಿ ತಂದೆಮಗನ ಜೋಡಿಯೊಂದು ಹಾಡಿ ಕುಣಿಯುತ್ತಿದ್ದುದನ್ನು ಕಂಡು ಜೋಗತಿ ನೃತ್ಯವನ್ನು ಕಲಿತರು. ಮುಂದೆ ಕಾಳವ್ವ ಜೋಗತಿಯವರ ಮೇಳವನ್ನು ಸೇರಿ, ಅವರ ಕಾಲಾನಂತರ ಆ ಮೇಳವನ್ನು ತಾವೇ ನಡೆಸಿದರು. ಊರ ಬೀದಿಯ ಭಿಕ್ಷೆಯ ಹಾಡು ರಂಗಸ್ಥಳದ ಮೇಲಿನ ಕಲೆಯಾಯಿತು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪದವಿ, 2021ರಲ್ಲಿ ಪದ್ಮಶ್ರೀ. ಹಿಂದೆ ಯಾವ ಕಛೇರಿಯ ಬಾಗಿಲಲ್ಲಿ ಅವರಂಥವರನ್ನು ತಡೆಯುತ್ತಿದ್ದರೋ ಅಂಥ ಕಛೇರಿಯಲ್ಲಿ ಕುಳಿತು ಅವರು ಇತರ ಕಲಾವಿದರಿಗೆ ಮಾಸಾಶನವನ್ನೂ ಗೌರವವನ್ನೂ ಕುರಿತು ಯೋಚಿಸುವಂತಾಯಿತು. ಬಲವಂತದಿಂದ ಹೇರಿದಾಗ ಭಾರವಾದ ವಾದ್ಯವು ಒಲಿದು ಎತ್ತಿಕೊಂಡವರ ಕೈಯಲ್ಲಿ ಹಗುರಾಗುವುದು. ನಾದವನ್ನು ಉಳಿಸಿಕೊಂಡು ಬೇಡಿಯನ್ನು ಕಳಚಬಹುದೆಂಬುದಕ್ಕೆ ಈ ಬಾಳೇ ಸಾಕ್ಷಿ.

ಚಂದ್ರಗುತ್ತಿಗೆ ಹೋಗುವವರು ಮಳೆಗಾಲವನ್ನು ಬಿಟ್ಟು ಕಾರ್ತಿಕದಿಂದ ಮಾಘದವರೆಗಿನ ದಿನಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮಳೆಯಲ್ಲಿ ಬಂಡೆಗಳು ಜಾರುವುವು, ಉಂಬಳಗಳ ಕಾಟವೂ ಉಂಟು. ಬೆಳಗ್ಗೆಯೇ ದೇವಿಯ ದರ್ಶನವನ್ನು ಮುಗಿಸಿ, ಬಿಸಿಲೇರುವ ಮೊದಲು ಕೋಟೆಯನ್ನು ಹತ್ತಬೇಕು. ಕುಡಿಯುವ ನೀರನ್ನೂ ಬುತ್ತಿಯನ್ನೂ ಜೊತೆಗಿಟ್ಟುಕೊಳ್ಳುವುದು ಕ್ಷೇಮ. ಮೇಲೆ ನಿಂತರೆ ಬನವಸೆಯ ದಿಕ್ಕಿನವರೆಗೆ ಕಾಡೂ ಗದ್ದೆಯೂ ಹಾಸಿದಂತೆ ಕಾಣುವುದು. ಸಮಯವಿದ್ದವರು ಗುಡವಿಯ ಪಕ್ಷಿಧಾಮವನ್ನೂ ಬನವಸೆಯ ಮಧುಕೇಶ್ವರನನ್ನೂ ನೋಡಿಕೊಂಡು ಬರಬಹುದು. ಅಲ್ಲಮನ ಮದ್ದಳೆ ನುಡಿಯಿತೆಂದು ಕವಿಯು ಹೇಳಿದ ಗುಡಿ ಅದೇ ಅಷ್ಟೆ.

ಜಾತ್ರೆಯ ಕಾಲದಲ್ಲಿ ಹೋದವರಿಗೆ ಮಾತ್ರ ಒಂದು ಸೂಚನೆ. ಚೌಡಿಕೆಯ ಮೇಳವು ಎದುರಾದರೆ ತಟ್ಟೆಗೆ ಕಾಸು ಹಾಕಿ ಮುಂದೆ ಸಾಗದೆ, ನಿಂತು ಒಂದು ಪದವನ್ನಾದರೂ ಪೂರ್ತಿಯಾಗಿ ಕೇಳಿರಿ. ಮುಗಿದ ಮೇಲೆ ಹಾಡಿದವರ ಹೆಸರನ್ನು ಕೇಳಿದಂತೆಯೇ ಶ್ರುತಿ ಹಿಡಿದವರ, ತಾಳ ಹಾಕಿದವರ ಹೆಸರನ್ನೂ ಕೇಳಿರಿ. ಮನೆಯ ಮಕ್ಕಳನ್ನು ಜೊತೆಗೆ ಕರೆದೊಯ್ದಿದ್ದರೆ, ಅವರು ಮೆಚ್ಚುವ ಮೇಳದಲ್ಲಿ ಬೇಸ್ ಗಿಟಾರು ನುಡಿಸುವವರು ಯಾರೆಂದು ಅವರನ್ನೂ ವಿಚಾರಿಸಿರಿ. ಗೊತ್ತಿಲ್ಲವೆಂದರೆ ಹುಡುಕಿ ತಿಳಿಸುವಂತೆ ಹೇಳಿರಿ.